ಸೆಕೆಂಡ್‌ ಹ್ಯಾಂಡ್‌ ಯುರೋಪಿಯನ್‌ ಕಾರು, ಬೆಂಗಳೂರಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೋ, ವೆಂಟೋ, ರ‍್ಯಾಪಿಡ್‌, ಆಕ್ಟೇವಿಯಾ, ಡಸ್ಟರ್‌, ಲೀನಿಯಾ, ಹಳೆಯ ಬಿಎಂಡಬ್ಲ್ಯೂ, ಬೆಂಜ್‌, ಆಡಿ. ಇವುಗಳ ಬಗ್ಗೆ ಸ್ನೇಹಿತರು, ನೆಂಟರು, ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಲ್ಲ ಓದಲೇಬೇಕು ಅಂತಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

## ಕೊಳ್ಳುವ ಮುಂಚೆ

ಹೊಸ ಹ್ಯಾಚ್‌ಬ್ಯಾಕ್‌ ದುಡ್ಡಿಗೆ ಹಳೇ ಬಿಎಂಡಬ್ಲ್ಯೂ ಸಿಗ್ತಿದೆ ಸಾರ್‌. ತಗೋಬಹುದಾ?

ತಗೋಬಹುದು, ಆದರೆ ಒಂದು ವಿಷಯ ಗೊತ್ತಿರಲಿ. ಕಾರಿನ ಬೆಲೆ ಇಳಿದಿದೆ, ಸ್ಪೇರ್‌ ಪಾರ್ಟಿನ ಬೆಲೆ ಇಳಿದಿಲ್ಲ. ಹೊಸದಿದ್ದಾಗ 40 ಲಕ್ಷದ ಕಾರು ಇವತ್ತು 9 ಲಕ್ಷಕ್ಕೆ ಸಿಕ್ಕರೂ ಅದರ ಹೆಡ್‌ಲೈಟು, ಇಂಜೆಕ್ಟರು, ಟರ್ಬೋ ಎಲ್ಲವೂ 40 ಲಕ್ಷದ ಕಾರಿನವೇ.

ಕೈಯಲ್ಲಿ 10 ಲಕ್ಷ ಇದ್ದರೆ ಏಳೂವರೆ ಲಕ್ಷದ ಕಾರು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಉಳಿದದ್ದು ಮೊದಲ ವರ್ಷದ ಖರ್ಚಿಗೆ ಎತ್ತಿಡಿ. ಇದ್ದಬದ್ದ ದುಡ್ಡೆಲ್ಲ ಹಾಕಿ, ಮೇಲೆ ಸಾಲ ಮಾಡಿ ತಗೊಳ್ಳಬೇಕಾದ ಪರಿಸ್ಥಿತಿ ಇದ್ದರೆ ಬೇಡ. ಮನೆಯಲ್ಲಿ ಇರುವ ಒಂದೇ ಕಾರು ಇದೇ ಆಗುತ್ತದೆ ಅನ್ನುವುದಾದರೆ ಇನ್ನೊಂದು ಸಲ ಯೋಚನೆ ಮಾಡಿ. ಒಂದು ಪಾರ್ಟ್‌ ಬರುವುದಕ್ಕೆ ಎರಡು ವಾರ ಆಗಬಹುದು, ಆ ಎರಡು ವಾರ ಆಫೀಸಿಗೂ ಮಕ್ಕಳ ಸ್ಕೂಲಿಗೂ ಏನು ಮಾಡುತ್ತೀರಿ?

ಇಷ್ಟು ಕಡಿಮೆಗೆ ಯಾಕೆ ಮಾರ್ತಾರೆ? ಏನೋ ಮೋಸ ಇರ್ಬೇಕಲ್ವಾ?

ಮೋಸ ಇರಲೇಬೇಕು ಅಂತಿಲ್ಲ. ವಾರಂಟಿ ಮುಗಿದ ಮೇಲಿನ ಖರ್ಚಿನ ಭಯವೇ ಬೆಲೆಯನ್ನು ಇಳಿಸುತ್ತದೆ. ಇನ್ನೊಂದು, ಮೊದಲ ಓನರ್‌ ತೆರಿಗೆ ಕಟ್ಟಿಬಿಟ್ಟಿರುತ್ತಾರೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್‌ ಟ್ಯಾಕ್ಸ್‌ ಶೇ 18, ಅದರ ಮೇಲೆ ಸೆಸ್‌ ಬೇರೆ. 40 ಲಕ್ಷದ ಕಾರಿಗೆ ತೆರಿಗೆಯೇ 7 ಲಕ್ಷ ದಾಟುತ್ತದೆ. ಇಲ್ಲೇ ರಿಜಿಸ್ಟರ್‌ ಆದ ಕಾರು ಕೊಂಡರೆ ಆ ದುಡ್ಡನ್ನು ನೀವು ಮತ್ತೆ ಕಟ್ಟಬೇಕಿಲ್ಲ.

ಎಲ್ಲಿಂದ ಶುರು ಮಾಡ್ಲಿ? ಆ್ಯಪಲ್ಲಿ ನೋಡ್ಲಾ, ಡೀಲರ್‌ ಹತ್ರ ಹೋಗ್ಲಾ?

ಎರಡೂ ಅಲ್ಲ. ಮೊದಲು ಮೆಕ್ಯಾನಿಕ್‌ ಹುಡುಕಿ, ಆಮೇಲೆ ಕಾರು. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನೀವು ನೋಡುತ್ತಿರುವ ಬ್ರ್ಯಾಂಡಿನ ಕೆಲಸವನ್ನೇ ದಿನವೂ ಮಾಡುವ ಗ್ಯಾರೇಜು ನಿಮ್ಮ ಮನೆಯಿಂದ ಹೋಗಿ ಬರುವ ದೂರದಲ್ಲಿ ಇದೆಯಾ ನೋಡಿ. ಅಲ್ಲಿ ಒಂದು ಶನಿವಾರ ಬೆಳಿಗ್ಗೆ ಹೋಗಿ ನಿಂತುಕೊಳ್ಳಿ. ನಿಮ್ಮ ಮಾಡೆಲಿನ ಕಾರುಗಳು ಒಳಗೆ ನಿಂತಿವೆಯಾ? ಕಾರಿನ ಕಂಪ್ಯೂಟರಿನಿಂದ ತೊಂದರೆ ಓದುವ, ಆ ಬ್ರ್ಯಾಂಡಿನ ಸ್ಕ್ಯಾನರ್‌ ಇಟ್ಟಿದ್ದಾರಾ? ಬಿಚ್ಚಿದ ಹಳೆ ಪಾರ್ಟನ್ನು ಗಿರಾಕಿಗೆ ತೋರಿಸುತ್ತಾರಾ? ಇದು ಸರಿ ಕಂಡರೆ, "ನಾನು ಈ ಕಾರು ತಗೋಬೇಕು ಅಂತಿದ್ದೀನಿ, ಯಾವ ವರ್ಷದ್ದು ಬೇಡ?" ಅಂತ ಅವರನ್ನೇ ಕೇಳಿ. ಕಾರು ಮಾರುವವರು ಹೇಳದ ಮಾತು ಅಲ್ಲಿ ಸಿಗುತ್ತದೆ, ಯಾಕೆಂದರೆ ಅವರಿಗೆ ಆ ಕಾರು ಮಾರಬೇಕಾಗಿಲ್ಲ.

ಮೊದಲ ಸಲ ತಗೊಳ್ಳೋರಿಗೆ ಯಾವ ಕಾರು ಹೇಳ್ತೀರಾ?

ಪೋಲೋ, ವೆಂಟೋ, ಸ್ಕೋಡಾ ರ‍್ಯಾಪಿಡ್‌. ಮೂರೂ ಒಂದೇ ಮನೆಯವು (ಫೋಕ್ಸ್‌ವ್ಯಾಗನ್‌ ಗುಂಪು), ಒಳಗಿನ ಬಹಳಷ್ಟು ಪಾರ್ಟುಗಳು ಒಂದೇ, ಹಾಗಾಗಿ ಸ್ಪೇರಿಗೂ ಮೆಕ್ಯಾನಿಕ್‌ಗೂ ಪರದಾಡಬೇಕಿಲ್ಲ. ಅದರಲ್ಲೂ 1.6 ಎಂಪಿಐ ಪೆಟ್ರೋಲ್‌ ಮ್ಯಾನುಯಲ್‌ ರ‍್ಯಾಪಿಡ್‌ ಅಥವಾ ವೆಂಟೋ ಕಣ್ಣುಮುಚ್ಚಿ ಹೇಳಬಹುದಾದ ಆಯ್ಕೆ. ಟರ್ಬೋ ಇಲ್ಲ, ಡೈರೆಕ್ಟ್‌ ಇಂಜೆಕ್ಷನ್‌ ಇಲ್ಲ, ಡಿಎಸ್‌ಜಿ ಅನ್ನುವ ಎರಡು ಕ್ಲಚ್ಚಿನ ಆಟೋಮ್ಯಾಟಿಕ್‌ ಗೇರ್‌ಬಾಕ್ಸೂ ಇಲ್ಲ. ಕುಡಿಯುವುದು ಸ್ವಲ್ಪ ಜಾಸ್ತಿ, ಅಷ್ಟೇ. ಹೈವೇ ಓಡಾಟ ಹೆಚ್ಚಿದ್ದರೆ 1.5 ಡೀಸೆಲ್‌ ಡಸ್ಟರ್‌ ಕೂಡ ಗಟ್ಟಿ ಗಾಡಿ. ನಮ್ಮ ರಸ್ತೆಯ ಹಳ್ಳಗಳಿಗೆ ಅದರ ಸಸ್ಪೆನ್ಷನ್‌ ಹೇಳಿ ಮಾಡಿಸಿದಂತಿದೆ.

ದೊಡ್ಡ ಜರ್ಮನ್‌ ಕಾರು ಎರಡನೇ ಹೆಜ್ಜೆಯಾಗಿರಲಿ.

ಪೋಲೋ ನಿಂತುಹೋಯ್ತು, ಫಿಯೆಟ್‌ ಅಂತೂ ಇಲ್ಲವೇ ಇಲ್ಲ. ಸ್ಪೇರ್‌ ಸಿಗುತ್ತಾ?

ಪೋಲೋಗೆ ಚಿಂತೆ ಬೇಡ. 2009ರ ಕೊನೆಯಿಂದ 2022ರವರೆಗೆ ಪುಣೆ ಹತ್ತಿರದ ಚಾಕಣ್‌ನಲ್ಲಿ ತಯಾರಾದ ಕಾರು ಅದು, ರಸ್ತೆ ತುಂಬ ಇವೆ. ಫಿಯೆಟ್‌ ಕಥೆ ಎರಡು ಥರ. ಪುಂಟೊ, ಲೀನಿಯಾದ 1.3 ಮಲ್ಟಿಜೆಟ್‌ ಡೀಸೆಲ್‌ ಇಂಜಿನ್ನೇ ಸ್ವಿಫ್ಟ್‌, ಡಿಸೈರ್‌, ಇಂಡಿಕಾ ವಿಸ್ಟಾದಲ್ಲೂ ಇದ್ದದ್ದು. ಇಂಜಿನ್‌ ಕೆಲಸ ಯಾವ ಊರಲ್ಲಾದರೂ ಆಗುತ್ತದೆ. ಬಂಪರ್‌, ಲೈಟು, ಡೋರ್‌ ಹ್ಯಾಂಡಲ್‌, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ಗೆ ಮಾತ್ರ ಅಲೆಯಬೇಕಾಗುತ್ತದೆ. ಆದ್ದರಿಂದ ಫಿಯೆಟ್‌ ತಗೊಳ್ಳುವುದಾದರೆ ಬಾಡಿ ಪೂರ್ತಿ ಚೆನ್ನಾಗಿರುವುದನ್ನೇ ತಗೊಳ್ಳಿ.

ಪೆಟ್ರೋಲಾ, ಡೀಸೆಲ್ಲಾ?

ದಿನಕ್ಕೆ ಹತ್ತು ಕಿಲೋಮೀಟರ್‌ ಸಿಟಿ ಓಡಾಟ ಅಂದರೆ ಪೆಟ್ರೋಲ್‌. ವಾರವಾರ ಮಂಗಳೂರು, ಹುಬ್ಬಳ್ಳಿ ಅಂತ ಓಡುವವರಿಗೆ ಡೀಸೆಲ್‌. ಬಿಎಸ್‌6 (ಹೊಸ ಹೊಗೆ ನಿಯಮದ) ಡೀಸೆಲ್‌ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್‌ ಅನ್ನುವ ಫಿಲ್ಟರ್‌ ಇದೆ. ಆ ಮಸಿ ಸುಟ್ಟುಹೋಗಬೇಕಾದರೆ ಕಾರು ಆಗಾಗ ಒಂದೇ ವೇಗದಲ್ಲಿ ಇಪ್ಪತ್ತು, ಮೂವತ್ತು ನಿಮಿಷ ಓಡಬೇಕು. ಬರೀ ಔಟರ್‌ ರಿಂಗ್‌ ರೋಡ್‌ ಟ್ರಾಫಿಕ್ಕಲ್ಲಿ ನಿಂತು ಹೋಗುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ, ಫಿಲ್ಟರ್‌ ಕಟ್ಟಿಕೊಳ್ಳುತ್ತದೆ.

## ಕಾರು ನೋಡೋಕೆ ಹೋದಾಗ

ನಾಳೆ ಬೆಳಿಗ್ಗೆ ಕಾರು ನೋಡೋಕೆ ಹೋಗ್ತಿದೀನಿ. ಏನೇನು ನೋಡ್ಲಿ?

ಇಂಜಿನ್‌ ತಣ್ಣಗಿರುವಾಗಲೇ ನೋಡಬೇಕು. "ನಾನು ಬರುವವರೆಗೆ ಸ್ಟಾರ್ಟ್‌ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್‌ ಮುಟ್ಟಿ ನೋಡಿ. ಬಿಸಿ ಇದ್ದರೆ ಯಾಕೆ ಅಂತ ಕೇಳಿ.

ಕೀ ಆನ್‌ ಮಾಡಿ, ಸ್ಟಾರ್ಟ್‌ ಮಾಡಬೇಡಿ. ಇಂಜಿನ್‌, ಏರ್‌ಬ್ಯಾಗ್‌, ಎಬಿಎಸ್‌ ಲೈಟುಗಳು ಹತ್ತಬೇಕು. ಹತ್ತದೇ ಇದ್ದರೆ ಯಾರೋ ಅದನ್ನು ಕಿತ್ತಿರಬಹುದು. ಈಗ ಸ್ಟಾರ್ಟ್‌ ಮಾಡಿ, ಮೊದಲ ಎರಡು ಮೂರು ಸೆಕೆಂಡು ಮಾತಾಡದೆ ಕೇಳಿಸಿಕೊಳ್ಳಿ. ಸರಪಳಿ ಅಲುಗಿದ ಹಾಗೆ ಕರಕರ ಸದ್ದು ಬಂದು ನಿಂತರೆ ಇಂಜಿನ್ನಿನ ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್‌ ಚೈನ್‌ ಅಥವಾ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ ಸವೆದಿರುವ ಅನುಮಾನ. ಹಿಂದೆ ಒಬ್ಬರನ್ನು ನಿಲ್ಲಿಸಿ, ನೀಲಿ ಹೊಗೆ ಬಂದರೆ ಇಂಜಿನ್‌ ಆಯಿಲ್‌ ಸುಡುತ್ತಿದೆ. ತಣ್ಣಗಿರುವಾಗಲೇ ಕೂಲೆಂಟ್‌ ಡಬ್ಬಿಯನ್ನೂ ನೋಡಿ. ಫೋಕ್ಸ್‌ವ್ಯಾಗನ್‌, ಸ್ಕೋಡಾದಲ್ಲಿ ಅದು ಗುಲಾಬಿ ಅಥವಾ ನೇರಳೆ ಬಣ್ಣ ಇರಬೇಕು. ಒಳಗೆ ಸುಮ್ನೆ ನಲ್ಲಿ ನೀರಿನ ಬಣ್ಣ ಇದ್ದರೆ ಎಲ್ಲೋ ಸೋರುತ್ತಿದೆ, ಓನರ್‌ ನೀರು ಹಾಕಿ ತಳ್ಳುತ್ತಿದ್ದಾರೆ ಅಂತ ಅರ್ಥ.

ಆಮೇಲೆ ಓಡಿಸಿ. ಹಂಪ್‌ ಮೇಲೆ ನಿಧಾನ ಹತ್ತಿಸಿ, ರೇಡಿಯೋ ಆಫ್‌ ಇರಲಿ. ಟಕ್‌ ಟಕ್‌ ಅಂದರೆ ಸಸ್ಪೆನ್ಷನ್ನಿನ ಲಿಂಕ್‌ ರಾಡು, ಬುಷ್‌ ಸವೆದಿವೆ. ಬರೀ ಅದಕ್ಕೆ ಕಾರು ಬಿಡಬೇಡಿ, ರೇಟ್‌ ಕಡಿಮೆ ಮಾಡಿಸಿ. ಕೊನೆಗೆ ನಿಮ್ಮ ಮೆಕ್ಯಾನಿಕ್‌ ಹತ್ತಿರ ಲಿಫ್ಟ್‌ ಮೇಲೆ ಏರಿಸಿ ಕೆಳಗಿನಿಂದ ನೋಡಲೇಬೇಕು. ಇದಕ್ಕೆ ಒಪ್ಪದ ಮಾಲೀಕರ ಕಾರು ಬೇಡ.

ಮೀಟರ್‌ ತಿರುಗಿಸಿದ್ರೆ ಗೊತ್ತಾಗುತ್ತಾ?

ಬಹಳ ಸಲ ಗೊತ್ತಾಗುತ್ತದೆ. ಮೊದಲು ಕಂಪನಿ ಸರ್ವಿಸ್‌ ಸೆಂಟರಿನಲ್ಲಿ ಹಿಸ್ಟರಿ ತೆಗೆಸಿ. ಅದನ್ನು ಮಾಲೀಕರೇ ಕೇಳಿದರೆ ಸುಲಭ. ಫೋಕ್ಸ್‌ವ್ಯಾಗನ್‌ ಗುಂಪಿನ ಕಾರುಗಳಲ್ಲಿ ಇನ್ನೊಂದು ದಾರಿ ಇದೆ. ವಿಸಿಡಿಎಸ್‌ ಥರದ ಸ್ಕ್ಯಾನರ್‌ ಹಾಕಿದಾಗ ಹಳೆಯ ಫಾಲ್ಟ್‌ ಕೋಡುಗಳ ಜೊತೆ ಆ ತೊಂದರೆ ಬಂದಾಗ ಕಾರು ಎಷ್ಟು ಕಿಲೋಮೀಟರ್‌ ಓಡಿತ್ತು ಅಂತಲೂ ಬರುತ್ತದೆ. ಮೀಟರಲ್ಲಿ 62,000, ಕೋಡಿನಲ್ಲಿ 1,18,000 ಅಂತ ಇದ್ದರೆ ಅಲ್ಲಿಗೆ ಮಾತು ಮುಗಿಯಿತು.

ಸ್ಕ್ಯಾನರ್‌ ಇಲ್ಲದಿದ್ದರೆ ಟೈರ್‌ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್‌. 2018ರ ಕಾರು, ಮೀಟರಲ್ಲಿ 25,000, ಟೈರ್‌ ಮಾತ್ರ ಎರಡನೇ ಸೆಟ್‌ ಅಂದರೆ ಲೆಕ್ಕ ಕೂಡುವುದಿಲ್ಲ. ಪೆಡಲ್‌ ರಬ್ಬರು, ಸ್ಟೀರಿಂಗ್‌ ಚರ್ಮ, ಡ್ರೈವರ್‌ ಸೀಟಿನ ಅಂಚು ಕೂಡ ಸುಳ್ಳು ಹೇಳುವುದಿಲ್ಲ.

ನೀರಲ್ಲಿ ಮುಳುಗಿದ ಕಾರನ್ನ ಹೇಗೆ ಕಂಡುಹಿಡಿಯೋದು?

ಈ ಭಯ ನಿಜವಾದದ್ದೇ. 2022ರ ಸೆಪ್ಟೆಂಬರ್‌ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ದುಬಾರಿ ಕಾರುಗಳು ನೀರಲ್ಲಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಚೆನ್ನೈನಲ್ಲಿ 2015ರ ಮತ್ತು 2023ರ ಡಿಸೆಂಬರಿನಲ್ಲೂ ಹಾಗೇ ಆಯಿತು.

ಸೀಟ್‌ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಹೊರಗಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟು, ಹಳಿ ತುಕ್ಕು ಹಿಡಿದಿದೆಯಾ ನೋಡಿ. ಸ್ಟೆಪ್ನಿ ಎತ್ತಿ ಅದರ ಗುಂಡಿಗೆ ಕೈ ಹಾಕಿ. ಕಾರ್ಪೆಟ್‌ ಮೂಲೆ ಎತ್ತಿ ಮೂಸಿ ನೋಡಿ. ಸೆಂಟಿನ ವಾಸನೆ ಅತಿಯಾಗಿದ್ದರೂ ಅನುಮಾನ ಪಡಿ. ಯುರೋಪಿಯನ್‌ ಕಾರುಗಳಲ್ಲಿ ಹಲವು ಕಂಟ್ರೋಲ್‌ ಯೂನಿಟ್ಟುಗಳು ಸೀಟಿನ ಕೆಳಗೆ, ಡಿಕ್ಕಿಯ ಪಕ್ಕದಲ್ಲಿ ಇರುತ್ತವೆ. ಅವುಗಳೊಳಗೆ ಒಮ್ಮೆ ನೀರು ಹೋದರೆ ವರ್ಷಗಟ್ಟಲೆ ಒಂದಲ್ಲ ಒಂದು ಲೈಟು ಹತ್ತುತ್ತಲೇ ಇರುತ್ತದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ದಿಲ್ಲಿ ಗಾಡಿ ತುಂಬಾ ಕಡಿಮೆಗೆ ಸಿಗ್ತಿದೆ ಅಣ್ಣ, ತರಿಸ್ಲಾ?

ದಿಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್‌ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿ ಬೆಲೆ ಬಿದ್ದಿದೆ, ಅದಕ್ಕೇ ಅಗ್ಗ. ಆದರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಲೈಫ್‌ಟೈಮ್‌ ಟ್ಯಾಕ್ಸ್‌ ಕಟ್ಟಬೇಕು, ಕೆಎ ನಂಬರ್‌ ಮಾಡಿಸಬೇಕು. ತೆರಿಗೆಯನ್ನು ನೀವು ಕೊಟ್ಟ ರೇಟಿನ ಮೇಲೆ ಲೆಕ್ಕ ಹಾಕುವುದಿಲ್ಲ, ಹೊಸದಿದ್ದಾಗಿನ ಬೆಲೆ ಹಿಡಿದು ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡುತ್ತಾರೆ. ದುಬಾರಿ ಕಾರಿಗೆ ಇದೇ ದೊಡ್ಡ ಮೊತ್ತ. ಮೊದಲು ಆರ್‌ಟಿಒದಲ್ಲಿ ತೆರಿಗೆ ಎಷ್ಟು ಅಂತ ಬರೆಸಿಕೊಂಡು, ಸಾಗಣೆ ಖರ್ಚು ಸೇರಿಸಿ, ಆಮೇಲೆ ಇಲ್ಲಿನ ಕಾರಿನ ಬೆಲೆಗೆ ಹೋಲಿಸಿ. ಸಾಮಾನ್ಯವಾಗಿ ಉಳಿಯುವುದು ಬಹಳ ಕಡಿಮೆ. ಸಿಟಿಯಲ್ಲೇ ಓಡಿದ ಕೆಎ 05 ಅಥವಾ ಕೆಎ 03 ಗಾಡಿಯನ್ನು ಕಣ್ಣಾರೆ ನೋಡಿ ತಗೊಳ್ಳುವುದೇ ನನಗೆ ಇಷ್ಟ.

ಕಾಗದಪತ್ರ ಏನೇನು ನೋಡ್ಬೇಕು?

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಆ ಹೆಸರು ತೆಗೆಸುವ ಫಾರ್ಮ್‌ 35 ಇಲ್ಲದೆ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರ್ಮ್‌ 29, 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಟ್ರಾಫಿಕ್‌ ದಂಡ ಬಾಕಿ ಇದೆಯಾ ಅಂತ ಗಾಡಿ ನಂಬರ್‌ ಹಾಕಿ ನೋಡಿ, ನಮ್ಮೂರಲ್ಲಿ ಹತ್ತಾರು ಸಾವಿರ ಬಾಕಿ ಇರುವ ಕಾರುಗಳು ಬೇಕಾದಷ್ಟಿವೆ.

ಇನ್ಶೂರೆನ್ಸನ್ನು ಮರೆಯಬೇಡಿ. 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಡ್ಯಾಮೇಜಿಗೆ ಕ್ಲೇಮ್‌ ಸಿಗುವುದು ಕಷ್ಟ. ಹಳೆ ಮಾಲೀಕರ ನೋ ಕ್ಲೇಮ್‌ ಬೋನಸ್‌ ಅವರ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಹಾಗಾಗಿ ಪ್ರೀಮಿಯಂ ಜಾಸ್ತಿ ಆಗುತ್ತದೆ, ಅದನ್ನೂ ಬಜೆಟ್ಟಿಗೆ ಸೇರಿಸಿ.

## ಮನೆಗೆ ಬಂದ ಮೇಲೆ

ಕಾರು ಬಂತು. ಮೊದಲು ಏನು ಮಾಡಿಸ್ಲಿ?

ಮಾರಿದವರು "ಈಗಷ್ಟೇ ಸರ್ವಿಸ್‌ ಆಗಿದೆ" ಅಂದರೂ ಬಿಲ್‌ ಇಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿಯಿರಿ. ಇಂಜಿನ್‌ ಆಯಿಲ್‌, ಎಲ್ಲ ಫಿಲ್ಟರು, ಬ್ರೇಕ್‌ ಆಯಿಲ್‌, ಕೂಲೆಂಟ್‌ ಒಂದೇ ಸಲ ಬದಲಾಯಿಸಿ ಅವತ್ತಿನ ದಿನಾಂಕ, ಕಿಲೋಮೀಟರ್‌ ಬರೆದಿಡಿ. ಚೈನ್‌ ಬದಲು ಟೈಮಿಂಗ್‌ ಬೆಲ್ಟ್‌ ಇರುವ ಇಂಜಿನ್‌ ಆದರೆ ಅದು ಯಾವಾಗ ಬದಲಾಗಿದೆ ಅಂತ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಬದಲಾಯಿಸಿಬಿಡಿ, ವಾಟರ್‌ ಪಂಪ್‌ ಸಮೇತ. ಸೀಟ್‌ ಕವರು, ದೊಡ್ಡ ಸ್ಕ್ರೀನು ಎಲ್ಲ ಆಮೇಲೆ.

ಆಯಿಲ್‌ ಯಾವುದಾದ್ರೂ ನಡೆಯುತ್ತಲ್ವಾ? 5ಡಬ್ಲ್ಯೂ 30 ಅಂದ್ರೆ ಎಲ್ಲಾ ಒಂದೇ ತಾನೇ?

ಅಲ್ಲ. ಡಬ್ಬಿಯ ಮುಂದಿನ ನಂಬರ್‌ ದಪ್ಪವನ್ನು ಮಾತ್ರ ಹೇಳುತ್ತದೆ. ನೀವು ನೋಡಬೇಕಾದದ್ದು ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಕಂಪನಿ ಒಪ್ಪಿಗೆ: ಫೋಕ್ಸ್‌ವ್ಯಾಗನ್‌, ಸ್ಕೋಡಾಗೆ 502.00, 505.00 ಅಥವಾ 507.00, ಬಿಎಂಡಬ್ಲ್ಯೂಗೆ ಲಾಂಗ್‌ಲೈಫ್‌ 01 ಅಥವಾ 04, ಬೆಂಜ್‌ಗೆ 229.5 ಅಥವಾ 229.51. ನಿಮ್ಮ ಇಂಜಿನ್ನಿಗೆ ಯಾವುದು ಅಂತ ಮ್ಯಾನುಯಲ್‌ನಲ್ಲಿದೆ.

ಕಂಪನಿ 15,000 ಕಿಲೋಮೀಟರ್‌ ಅಂದರೂ ಬೆಂಗಳೂರಿನಲ್ಲಿ ನಾನು 8,000ದಿಂದ 10,000ದ ಒಳಗೆ ಬದಲಾಯಿಸಿ ಅನ್ನುತ್ತೇನೆ. ಸಿಲ್ಕ್‌ ಬೋರ್ಡಿನಿಂದ ಕೆ.ಆರ್‌. ಪುರದವರೆಗೆ ಪೀಕ್‌ ಅವರಿನಲ್ಲಿ ಹೋದರೆ ಮೀಟರು ಸ್ವಲ್ಪವೇ ಓಡುತ್ತದೆ, ಇಂಜಿನ್‌ ಮಾತ್ರ ಗಂಟೆಗಟ್ಟಲೆ ಓಡಿರುತ್ತದೆ. ಆಯಿಲ್‌ಗೆ ಆ ಗಂಟೆಗಳೇ ಲೆಕ್ಕ.

ಕಂಪನಿ ಸರ್ವಿಸ್ಸಾ, ಹೊರಗಡೆ ಗ್ಯಾರೇಜಾ?

ವಾರಂಟಿ, ರೀಕಾಲ್‌, ಕಂಪನಿಯಿಂದಲೇ ಆಗಬೇಕಾದ ಸಾಫ್ಟ್‌ವೇರ್‌, ಕೀ ಕೋಡಿಂಗ್‌ ಇವಕ್ಕೆ ಕಂಪನಿ. ಉಳಿದದ್ದಕ್ಕೆ ನಂಬಿಕೆಯ ಹೊರಗಿನ ಗ್ಯಾರೇಜು. ದೊಡ್ಡ ವ್ಯತ್ಯಾಸ ಕೂಲಿಯದ್ದಲ್ಲ. ಒಂದು ಸಣ್ಣ ಸೀಲ್‌ ಹೋದರೆ ಒಂದು ಕಡೆ ಇಡೀ ಅಸೆಂಬ್ಲಿ ಬದಲಾಯಿಸಬೇಕು ಅನ್ನುತ್ತಾರೆ, ಇನ್ನೊಂದು ಕಡೆ ಆ ಸೀಲನ್ನಷ್ಟೇ ಹಾಕಿಕೊಡುತ್ತಾರೆ. 2015ರ ಡಿಸೆಂಬರಿನಲ್ಲಿ ಡೀಸೆಲ್‌ ಹೊಗೆ ಹಗರಣದ ನಂತರ ಫೋಕ್ಸ್‌ವ್ಯಾಗನ್‌ ಗುಂಪು ಭಾರತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ರೀಕಾಲ್‌ ಮಾಡಿತ್ತು. ಆ ಕಾಲದ ಡೀಸೆಲ್‌ ಕಾರು ತಗೊಂಡಿದ್ದರೆ ಆ ಕೆಲಸ ಆಗಿದೆಯಾ ಅಂತ ಕಂಪನಿಯಲ್ಲಿ ಚಾಸಿ ನಂಬರ್‌ ಕೊಟ್ಟು ಕೇಳಿ.

ಸ್ಪೇರ್‌ ಎಲ್ಲಿ ತಗೊಳ್ಳೋದು? ಜೆ.ಸಿ. ರೋಡ್‌ ನಂಬ್ಬಹುದಾ?

ನಂಬಬಹುದು, ಪಾರ್ಟ್‌ ನಂಬರ್‌ ಕೈಯಲ್ಲಿದ್ದರೆ. "ಪೋಲೋ ಲೋಯರ್‌ ಆರ್ಮ್‌ ಕೊಡಿ" ಅಂದರೆ ಮೂರು ಥರದ್ದು ತೋರಿಸುತ್ತಾರೆ. ಚಾಸಿ ನಂಬರಿನಿಂದ ನಿಖರವಾದ ಪಾರ್ಟ್‌ ನಂಬರ್‌ ತೆಗೆದುಕೊಂಡು ಹೋದರೆ ಮಾತು ನೇರ. ಕಾರು ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಬಾಷ್‌, ಮಾಹ್ಲೆ, ಸ್ಯಾಕ್ಸ್‌, ಲೆಮ್‌ಫರ್ಡರ್‌ ಮುಂತಾದವರು ಮಾಡಿದ್ದನ್ನು ತಮ್ಮ ಡಬ್ಬಿಯಲ್ಲಿ ಮಾರುತ್ತಾರೆ. ಅದೇ ವಸ್ತು ಅವರದೇ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಮಿರರ್‌, ಡೋರ್‌ ಪ್ಯಾಡ್‌, ಸ್ವಿಚ್‌ ಥರದ್ದು ತಗೊಳ್ಳಿ. ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗಿಗೆ ಸಂಬಂಧಿಸಿದ್ದು ಯಾವತ್ತೂ ಹಳೆಯದು ಹಾಕಿಸಬೇಡಿ.

ಬಿಎಂಡಬ್ಲ್ಯೂದಲ್ಲಿ ಸ್ಟೆಪ್ನಿನೇ ಇಲ್ಲ. ಟೈರ್‌ ಒಡೆದ್ರೆ ಗತಿ ಏನು?

ಅದು ರನ್‌ಫ್ಲಾಟ್‌ ಟೈರ್‌. ಗಾಳಿ ಹೋದರೂ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ಓಡಿಸಬಹುದು. ಆದರೆ ಪಕ್ಕದ ಗೋಡೆ ಗಡುಸು, ಹಳ್ಳಕ್ಕೆ ಬಿದ್ದಾಗ ಉಬ್ಬಿಕೊಂಡರೆ ಪಂಚರ್‌ ಹಾಕಲು ಆಗುವುದಿಲ್ಲ. ಬೆಲೆಯೂ ಜಾಸ್ತಿ. ಹಲವರು ಸಾಮಾನ್ಯ ಟೈರ್‌ ಹಾಕಿಸಿ, ಡಿಕ್ಕಿಯಲ್ಲಿ ತೆಳು ಸ್ಟೆಪ್ನಿ, ಗಾಳಿ ಪಂಪ್‌ ಇಟ್ಟುಕೊಳ್ಳುತ್ತಾರೆ. ನಮ್ಮ ರಸ್ತೆಗೆ ಅದು ಒಳ್ಳೆಯದೇ.

ಬೇಸ್‌ಮೆಂಟಲ್ಲಿ ಇಲಿ ವೈರ್‌ ಕಡಿಯುತ್ತೆ, ಏನ್ಮಾಡ್ಲಿ?

ಕಾರನ್ನು ದಿನಗಟ್ಟಲೆ ನಿಲ್ಲಿಸಬೇಡಿ, ಬಾನೆಟ್‌ ಒಳಗೆ ಲೈಟ್‌ ಹಾಕಿ ವಾರಕ್ಕೊಮ್ಮೆ ನೋಡಿ, ಕೆಳಗಿನ ಸಂದುಗಳಿಗೆ ಸ್ಟೀಲ್‌ ಜಾಲರಿ ಹಾಕಿಸಿ. ಸ್ಪ್ರೇಗಳ ಮೇಲೆ ನನಗೆ ಹೆಚ್ಚು ನಂಬಿಕೆ ಇಲ್ಲ. ಇನ್ಶೂರೆನ್ಸ್‌ ಪಾಲಿಸಿಯಲ್ಲಿ ಇಲಿ ಕಡಿತಕ್ಕೆ ಕ್ಲೇಮ್‌ ಇದೆಯಾ ಅಂತ ಈಗಲೇ ಓದಿಕೊಳ್ಳಿ.

## ಸ್ವಲ್ಪ ಆಳದ ಪ್ರಶ್ನೆಗಳು

ಡಿಎಸ್‌ಜಿ ಅಂದ್ರೆ ಎಲ್ರೂ ಹೆದರಿಸ್ತಾರೆ. ಅಷ್ಟೊಂದು ಕೆಟ್ಟದ್ದಾ?

ಕೆಟ್ಟದ್ದಲ್ಲ, ಆದರೆ ಯಾವ ಡಿಎಸ್‌ಜಿ ಅನ್ನುವುದು ಮುಖ್ಯ. 1.2 ಪೋಲೋ ಜಿಟಿ ಟಿಎಸ್‌ಐ (ಟಿಎಸ್‌ಐ ಅಂದರೆ ಈ ಗುಂಪಿನ ಟರ್ಬೋ ಪೆಟ್ರೋಲ್‌ ಇಂಜಿನ್‌), ಡೀಸೆಲ್‌ ರ‍್ಯಾಪಿಡ್‌, 1.8 ಟಿಎಸ್‌ಐ ಆಕ್ಟೇವಿಯಾದಲ್ಲಿ ಇರುವುದು ಡಿಕ್ಯೂ200: ಏಳು ಗೇರ್‌, ಎರಡು ಒಣ ಕ್ಲಚ್‌. ಸ್ಕೋಡಾ ಲಾರಾ ಮತ್ತು ಆಕ್ಟೇವಿಯಾದ 2.0 ಡೀಸೆಲ್‌ನಲ್ಲಿ ಇರುವುದು ಆರು ಗೇರ್‌, ಎಣ್ಣೆಯಲ್ಲಿ ಮುಳುಗಿದ ಕ್ಲಚ್‌. ಎರಡನೆಯದು ಹೆಚ್ಚು ಗಟ್ಟಿ, ಆದರೆ 60,000 ಕಿ.ಮೀ.ಗೆ ಒಮ್ಮೆ ಅದರ ಎಣ್ಣೆ, ಫಿಲ್ಟರ್‌ ಬದಲಾಗಲೇಬೇಕು.

ಡಿಕ್ಯೂ200ರಲ್ಲಿ ಎರಡು ತೊಂದರೆ. ಒಂದು, ಕ್ಲಚ್‌ ಸವೆದು ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಗುವುದು. ಎರಡು, ಮೆಕಟ್ರಾನಿಕ್‌ ಅನ್ನುವ ಗೇರ್‌ ಬದಲಾಯಿಸುವ ಯೂನಿಟ್‌ ಕೈಕೊಡುವುದು. ಆಗ ಡಿಸ್‌ಪ್ಲೇಯಲ್ಲಿ ಗೇರ್‌ ಅಕ್ಷರ ಮಿಣುಕುತ್ತದೆ, ರಿವರ್ಸ್‌ ಅಥವಾ ಒಂದಷ್ಟು ಗೇರ್‌ ಮಾಯ.

ಓಡಿಸುವ ರೀತಿಯಲ್ಲಿ ಇದರ ಆಯುಷ್ಯ ಇದೆ. ಸಿಲ್ಕ್‌ ಬೋರ್ಡ್‌ ಟ್ರಾಫಿಕ್ಕಲ್ಲಿ ಬ್ರೇಕನ್ನು ಅರ್ಧ ಬಿಟ್ಟು ಇಂಚಿಂಚು ಮುಂದೆ ಹೋದರೆ ಪ್ರತಿ ಇಂಚಿಗೂ ಕ್ಲಚ್‌ ಅರ್ಧ ಹಿಡಿದು ಜಾರುತ್ತದೆ, ಬಿಸಿಯಾಗುತ್ತದೆ. ಬದಲಿಗೆ ಮುಂದಿನ ಗಾಡಿ ಒಂದು ಕಾರಿನಷ್ಟು ಉದ್ದ ಮುಂದೆ ಹೋಗುವವರೆಗೆ ಬ್ರೇಕ್‌ ಗಟ್ಟಿಯಾಗಿ ಒತ್ತಿ ನಿಲ್ಲಿ, ಆಮೇಲೆ ಬ್ರೇಕ್‌ ಪೂರ್ತಿ ಬಿಟ್ಟು ಹೋಗಿ. ಹಿಂದಿನವರು ಹಾರ್ನ್‌ ಹೊಡೆಯುತ್ತಾರೆ, ಹೊಡೆಯಲಿ. ಫ್ಲೈಓವರ್‌ ಏರಿನಲ್ಲಿ ಆಕ್ಸಿಲರೇಟರ್‌ ಒತ್ತಿ ಕಾರನ್ನು ಹಿಡಿದು ನಿಲ್ಲಿಸಬೇಡಿ.

ಆಟೋಮ್ಯಾಟಿಕ್‌ ಬೇಕೇ ಬೇಕು, ಈ ತಲೆನೋವು ಬೇಡ ಅಂದರೆ 1.6 ಪೆಟ್ರೋಲ್‌ ರ‍್ಯಾಪಿಡ್‌ ಅಥವಾ 1.0 ಟಿಎಸ್‌ಐ ಪೋಲೋ, ವೆಂಟೋ, ರ‍್ಯಾಪಿಡ್‌ ನೋಡಿ. ಅವುಗಳಲ್ಲಿ ಇರುವುದು ಆರು ಗೇರಿನ ಟಾರ್ಕ್‌ ಕನ್ವರ್ಟರ್‌, ಅಂದರೆ ಒಣ ಕ್ಲಚ್‌ ಇಲ್ಲದ ಹಳೆ ಪದ್ಧತಿಯ ಆಟೋಮ್ಯಾಟಿಕ್‌.

ಟೈಮಿಂಗ್‌ ಚೈನ್‌ ಇದ್ರೆ ಜೀವನಪೂರ್ತಿ ಚಿಂತೆ ಇಲ್ಲ ಅಂತಾರೆ, ನಿಜಾನಾ?

ನಿಜ ಅಲ್ಲ. ಬಿಎಂಡಬ್ಲ್ಯೂನ ಹಳೆಯ 320ಡಿಯಲ್ಲಿ ಬರುವ ಎನ್‌47 ಡೀಸೆಲ್‌ ಇಂಜಿನ್ನಿನ ಚೈನ್‌ ಹಿಂಭಾಗದಲ್ಲಿದೆ, ಗೇರ್‌ಬಾಕ್ಸ್‌ ಕಡೆ. ಸದ್ದು ಬಂದರೆ ಇಂಜಿನ್‌ ಅಥವಾ ಗೇರ್‌ಬಾಕ್ಸ್‌ ಇಳಿಸಿಯೇ ಕೆಲಸ. ಹಳೆಯ ಕಾರಿಗೆ ಅದು ಮೂಗಿಗಿಂತ ಮೂಗುತಿ ಭಾರ. 1.8 ಟಿಎಸ್‌ಐನ ಹಳೆ ತಲೆಮಾರಿನ ಇಂಜಿನ್ನುಗಳಲ್ಲಿ, ಅಂದರೆ ಲಾರಾ ಮತ್ತು ಆಗಿನ ಸೂಪರ್ಬ್‌ನಲ್ಲಿ, ಚೈನ್‌ ಟೆನ್ಷನರ್‌ ತೊಂದರೆಯ ಜೊತೆ ಆಯಿಲ್‌ ಕುಡಿಯುವ ಚಟವೂ ಇದೆ. ಇವನ್ನು ತಗೊಂಡವರು 1,000 ಕಿ.ಮೀ.ಗೆ ಒಮ್ಮೆ ಆಯಿಲ್‌ ಮಟ್ಟ ನೋಡಬೇಕು. ಆಯಿಲ್‌ ಕಡಿಮೆ ಆದರೆ ಚೈನ್‌ ಬೇಗ ಸವೆಯುತ್ತದೆ.

ಈಗೆಲ್ಲಾ ಇ20 ಪೆಟ್ರೋಲ್‌. ನನ್ನ 2014ರ ಕಾರಿಗೆ ತೊಂದ್ರೆನಾ?

ನಾಳೆಯೇ ಇಂಜಿನ್‌ ಕೂರುವುದಿಲ್ಲ. ಆದರೆ 2023ರ ಏಪ್ರಿಲ್‌ಗೆ ಮುಂಚಿನ ಹೆಚ್ಚಿನ ಕಾರುಗಳ ರಬ್ಬರ್‌ ಪೈಪು, ಸೀಲುಗಳನ್ನು ಶೇ 20 ಎಥನಾಲ್‌ ಮನಸ್ಸಲ್ಲಿಟ್ಟುಕೊಂಡು ಮಾಡಿಲ್ಲ. ಎಥನಾಲ್‌ ನೀರನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಅರ್ಧ ಟ್ಯಾಂಕ್‌ ಪೆಟ್ರೋಲ್‌ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಪ್ರತಿ ಸರ್ವಿಸ್ಸಿಗೆ ಇಂಧನದ ಪೈಪುಗಳನ್ನು ಕೈಯಿಂದ ಒತ್ತಿ ನೋಡಿಸಿ, ಬಿರುಕು ಅಥವಾ ಮೆತ್ತಗಾಗಿದ್ದು ಕಂಡರೆ ಬದಲಾಯಿಸಿ. ಪೆಟ್ರೋಲ್‌ ವಾಸನೆ ಬಂದರೆ ಅವತ್ತೇ ಗ್ಯಾರೇಜಿಗೆ ಹೋಗಿ. ಮೈಲೇಜ್‌ ಸ್ವಲ್ಪ ಇಳಿಯುವುದು ಸಹಜ, ಎಥನಾಲ್‌ನಲ್ಲಿ ಶಕ್ತಿಯೇ ಕಡಿಮೆ.

ರೀಮ್ಯಾಪ್‌ ಮಾಡಿಸಿದ್ರೆ ಪವರ್‌ ಬರುತ್ತಂತೆ ಗುರು, ಮಾಡಿಸ್ಲಾ?

ರೀಮ್ಯಾಪ್‌ ಅಂದರೆ ಇಂಜಿನ್‌ ಸಾಫ್ಟ್‌ವೇರ್‌ ಬದಲಿಸಿ ಪವರ್‌ ಏರಿಸುವುದು. 80,000 ಕಿ.ಮೀ. ಓಡಿದ, ಹಿಂದಿನ ಕಥೆ ಪೂರ್ತಿ ಗೊತ್ತಿಲ್ಲದ ಕಾರಿಗೆ ಬೇಡ. ಒಣ ಕ್ಲಚ್‌ ಡಿಎಸ್‌ಜಿ ಇದ್ದರಂತೂ ಬೇಡವೇ ಬೇಡ. ಆ ದುಡ್ಡಲ್ಲಿ ಒಳ್ಳೆಯ ಟೈರು, ಹೊಸ ಶಾಕ್‌ ಅಬ್ಸಾರ್ಬರ್‌ ಹಾಕಿಸಿ. ಕಾರು ಹೊಸದರ ಹಾಗೆ ಓಡುತ್ತದೆ.

15 ವರ್ಷ ಆದ್ರೆ ಗುಜರಿಗೆ ಹಾಕ್ಬೇಕಾ?

ಬೇಡ. ಇಲ್ಲಿ ಖಾಸಗಿ ಕಾರಿನ ರಿಜಿಸ್ಟ್ರೇಷನ್‌ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬಹುದು. ಕೊಳ್ಳುವ ಕಾರಿಗೆ ಈಗಾಗಲೇ 13, 14 ವರ್ಷ ಆಗಿದ್ದರೆ ಈ ಖರ್ಚನ್ನು ಚೌಕಾಸಿ ಮಾಡುವಾಗಲೇ ಎತ್ತಿ. ತೋರಿಸಲು ಹೋಗುವ ಮುಂಚೆ ಎಮಿಷನ್‌ ಟೆಸ್ಟ್‌, ಇನ್ಶೂರೆನ್ಸ್‌ ಚಾಲ್ತಿಯಲ್ಲಿರಲಿ, ದಂಡ ಬಾಕಿ ಇರದಿರಲಿ, ಬಣ್ಣ ಆರ್‌ಸಿಯಲ್ಲಿ ಇರುವುದೇ ಆಗಿರಲಿ. ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ಈ ಕೆಲಸ ಶುರು ಮಾಡಿ.